ನೀರು ನಿಂತ ಹದಿನೈದು ನಿಮಿಷ

ಕೆಂಚಾರ್ಲಹಳ್ಳಿ

ಜಪಾನಿಗೆ ಹೋಗಿ ಬಂದೆ ಎಂದರೆ ಊರಿನವರು ಮೊದಲು ಕೇಳುವುದು ಅಲ್ಲಿನ ರೈಲಿನ ವಿಷಯ. ಅದು ಎಷ್ಟು ಜೋರಾಗಿ ಓಡಿತೋ ನನಗೆ ಗೊತ್ತಿಲ್ಲ, ನಿದ್ದೆ ಹೋಗಿದ್ದೆ. ಆಮೇಲೆ ಊಟದ ವಿಷಯ ಕೇಳುತ್ತಾರೆ. ಅನ್ನ ಇತ್ತು, ಬದುಕಿಕೊಂಡೆ. ಇಷ್ಟಾದ ಮೇಲೆ ಅವರೂ ಸುಮ್ಮನಾಗುತ್ತಾರೆ, ನಾನೂ ಸುಮ್ಮನಾಗುತ್ತೇನೆ. ಯಾಕೆ ಹೋಗಿದ್ದೆ ಎಂಬುದು ಎಲ್ಲರಿಗೂ ಗೊತ್ತು. ಕೇಳಲು ಬಾಯಿ ಬರುವುದಿಲ್ಲ. ಅದಕ್ಕೇ ಬರೆದಿಡುತ್ತಿದ್ದೇನೆ.

ನನ್ನ ತಮ್ಮ ಶ್ರೀನಿವಾಸ, ನಮಗೆಲ್ಲ ಸೀನ. ನನಗಿಂತ ಹನ್ನೊಂದು ವರ್ಷ ಚಿಕ್ಕವನು. ಅವನಿಗೆ ನಾಲ್ಕು ತುಂಬುವ ಮೊದಲೇ ಅಮ್ಮ ಹೋದಳು. ನೀರು ಹುಯ್ದದ್ದು, ಅಕ್ಷರ ತಿದ್ದಿಸಿದ್ದು ನಾನೇ. ನನ್ನ ಓದು ಎಸ್ಸೆಸ್ಸೆಲ್ಸಿಗೆ ನಿಂತಿತು. ಅವನು ಚಿಂತಾಮಣಿಯಲ್ಲಿ ಡಿಪ್ಲೊಮಾ ಮುಗಿಸಿ, ನೀರಿನೊಳಗಿನ ಸದ್ದು ಹಿಡಿಯುವ ಮೈಕು ತಯಾರಿಸುವ ಒಂದು ಕಂಪನಿ ಸೇರಿದ. ಜಪಾನಿನವರು ಆ ಮೈಕುಗಳನ್ನು ಕೊಂಡಾಗ ಅವುಗಳ ಜೊತೆ ಇವನನ್ನೂ ಕಳಿಸಿದರು. ಮೂರು ವರ್ಷ ಅಲ್ಲಿದ್ದ. ಮದುವೆ ಮಾತೆತ್ತಿದರೆ "ಮುಂದಿನ್ ಬೆಳೆಗೆ ನೋಡಣ ಬಿಡಕ್ಕ" ಎನ್ನುತ್ತಿದ್ದ, ಹೆಣ್ಣನ್ನೂ ರೇಷ್ಮೆ ಮೊಟ್ಟೆಯ ಲೆಕ್ಕದಲ್ಲಿ ತರುವವನ ಹಾಗೆ.

ಹೋದ ವರ್ಷ ತಲೆಯೊಳಗೆ ರಕ್ತನಾಳ ಒಡೆಯಿತು. ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಮುಗಿದುಹೋಗಿತ್ತು. ಬಿಳಿ ಬಟ್ಟೆ ಸುತ್ತಿದ ಬೂದಿಯ ಡಬ್ಬಿಯೊಂದು ಊರಿಗೆ ಬಂತು. ಮುಖ ನೋಡಲಾಗಲಿಲ್ಲ.

ಜೀವ ಹೋಗುವ ಎರಡು ದಿನ ಮುಂಚೆ ಅವನು ಫೋನ್ ಮಾಡಿದ್ದ. ನಾನು ಹುಳದ ಮನೆಯಲ್ಲಿದ್ದೆ. ರೇಷ್ಮೆ ಸಾಕಿದವರಿಗೆ ಗೊತ್ತು, ಹುಳ ಹಣ್ಣಾಗತೊಡಗಿದರೆ, ಅಂದರೆ ಸೊಪ್ಪು ಬಿಟ್ಟು ಮೈಯೆಲ್ಲ ಹೊಳೆಯತೊಡಗಿದರೆ, ತಡಮಾಡದೆ ಆರಿಸಿ ಬಿದಿರಿನ ಚಂದ್ರಿಕೆಗೆ ಬಿಡಬೇಕು, ಗೂಡು ಕಟ್ಟಲು. ಆಗ ಮನೆಯಲ್ಲಿ ಯಾರಿಗೂ ಊಟ ತಿಂಡಿ ಇಲ್ಲ. ಅವತ್ತು ಒಂದು ಮೂಲೆಯವು ಹಣ್ಣಾಗಿದ್ದವು, ಉಳಿದವು ಇನ್ನೂ ಮೇಯುತ್ತಿದ್ದವು. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡೆ.

"ಅಕ್ಕಾ, ಕೇಳಿಸ್ತಾ?" ಎಂದ.

"ಏನೋ ಕೇಳಿಸೋದು? ಹುಳ ಮೇಯೋ ಸದ್ದು ಬಿಟ್ರೆ ಏನೂ ಇಲ್ಲ."

"ಇನ್ನೊಂದ್ಸಲ ಕೇಳಕ್ಕ."

"ಹಣ್ಣಾಗವೆ ಕಣೋ, ಪುರುಸೊತ್ತಿಲ್ಲ. ಆಮೇಲೆ ಮಾಡಪ್ಪ" ಎಂದು ಇಟ್ಟುಬಿಟ್ಟೆ.

ಒಂದು ವರ್ಷ ಈ ನಾಲ್ಕು ಮಾತು ನನ್ನ ಜೊತೆಯೇ ಎದ್ದವು, ಮಲಗಿದವು. ಕೇಳಿಸ್ತಾ ಎಂದು ಅವನು ಕೇಳಿದ್ದು ಯಾಕೆ? ತಲೆ ನೋಯುತ್ತಿತ್ತೆ? ಅಲ್ಲಿ ಹೇಳಿಕೊಳ್ಳಲು ಯಾರೂ ಇಲ್ಲದೆ ನನ್ನನ್ನು ಕೂಗಿದನೆ?

ವರ್ಷದ ತಿಥಿ ಕಳೆದ ಮೇಲೆ ಅಲ್ಲಿಂದ ಕಾಗದ ಬಂತು. ಅವನ ಸಾಮಾನು ಒಂದು ಪೆಟ್ಟಿಗೆಯಲ್ಲಿದೆ, ಮನೆಯವರು ಬಂದು ಅವನು ಕೆಲಸ ಮಾಡಿದ ಜಾಗ ನೋಡಿ ತೆಗೆದುಕೊಂಡು ಹೋಗಲಿ, ಹೋಗಿ ಬರುವ ವ್ಯವಸ್ಥೆ ನಮ್ಮದು ಎಂದಿತ್ತು. ನಮ್ಮ ಯಜಮಾನರು ಕಾಗದವನ್ನು ಎರಡು ಸಲ ಓದಿಸಿಕೊಂಡರು.

"ಹುಳ ಎರಡನೇ ಜ್ವರದಲ್ಲಿ ಅವೆ" ಎಂದರು. ಹುಳ ಪೊರೆ ಬಿಡುವ ಮುಂಚಿನ ನಿದ್ದೆಗೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. "ಇಬ್ರೂ ಹೋದ್ರೆ ಎದ್ದಾಗ ಸೊಪ್ಪು ಹಾಕೋರ್ಯಾರು? ನೀನು ಹೋಗು. ಅದೇನು ಕೇಳ್ಬೇಕೋ ಕೇಳ್ಕೊಂಡು ಬಾ."

ಅವರಿಗೆ ನಾನು ಆ ಫೋನಿನ ವಿಷಯ ಯಾವತ್ತೂ ಹೇಳಿರಲಿಲ್ಲ.

ಓಸಾಕ

ವಿಮಾನ ನಿಲ್ದಾಣದಲ್ಲಿ ಒಬ್ಬ ಅಧಿಕಾರಿ ನನ್ನ ಪಾಸ್‌ಪೋರ್ಟ್ ನೋಡಿ, ಯಾಕೆ ಬಂದಿರಿ ಎಂದು ಇಂಗ್ಲಿಷಿನಲ್ಲಿ ಕೇಳಿದ. "ಬ್ರದರ್" ಎಂದೆ. ಬ್ರದರ್ ಎಲ್ಲಿದ್ದಾರೆ ಎಂದ. ಅದಕ್ಕೆ ಬೇಕಾದಷ್ಟು ಇಂಗ್ಲಿಷು ನನ್ನ ಹತ್ತಿರ ಇರಲಿಲ್ಲ. ಕನ್ನಡವೂ ಇರಲಿಲ್ಲ. ಕಾಗದ ತೆಗೆದು ಕೊಟ್ಟೆ. ಅವನು ಓದಿದ, ಎದ್ದು ನಿಂತು ತಲೆ ಬಗ್ಗಿಸಿದ, ಠಸ್ಸೆ ಹಾಕಿದ. ಹಿಂದೆ ಇದ್ದ ಸಾಲಿನವರೆಲ್ಲ ನಾನು ಯಾರೋ ದೊಡ್ಡ ಮನುಷ್ಯಳು ಎಂದುಕೊಂಡಿರಬೇಕು.

ಹೊರಗೆ ಒಬ್ಬ ಹುಡುಗಿ "ರತ್ನಮ್ಮಕ್ಕ" ಎಂದು ನನ್ನ ಹೆಸರು ಬರೆದ ರಟ್ಟು ಹಿಡಿದು ನಿಂತಿದ್ದಳು. ತೆಲುಗು ಅಕ್ಷರ. ನಮ್ಮ ಕಡೆಯವರಿಗೆ ಅದೇನು ಕಷ್ಟವಲ್ಲ.

"ನಮ್ದು ಹಿಂದೂಪುರ ಅಕ್ಕಾ. ನಿಮ್ಮ ಗೌರಿಬಿದನೂರು ದಾಟಿದ್ರೆ ನಮ್ಮನೇನೇ" ಎಂದಳು. ಹೆಸರು ಭಾರ್ಗವಿ. ಅಲ್ಲಿ ಸಮುದ್ರದ ಬಗ್ಗೆ ಓದುತ್ತಿದ್ದಾಳೆ, ಸೀನ ಕೆಲಸ ಮಾಡುತ್ತಿದ್ದ ಗುಂಪಿನಲ್ಲೇ ಇದ್ದಾಳೆ. "ಸೀನಣ್ಣ ನಂಜೊತೆ ತೆಲುಗು ಮಾತಾಡೋರು, ನಾನು ಅವ್ರ ಜೊತೆ ಕನ್ನಡ. ಇಬ್ರದೂ ತಪ್ಪೇ. ಪಕ್ಕದಲ್ಲಿದ್ದೋರು ಇದ್ಯಾವ ಭಾಷೆ ಅಂತ ಕೇಳಿದ್ರೆ, ಚಿಂತಾಮಣಿ ಭಾಷೆ ಅನ್ನೋರು."

ಅಳು ಬರುತ್ತದೆ ಎಂದುಕೊಂಡಿದ್ದೆ, ನಗು ಬಂತು.

ರೈಲಿನಲ್ಲಿ ಇಷ್ಟು ಜನ ಕೂತಿದ್ದರೂ ಒಬ್ಬರೂ ಮಾತಾಡುವುದಿಲ್ಲ. ನಮ್ಮ ಚಿಂತಾಮಣಿ ಬಸ್ಸಿನಲ್ಲಿ ಕೂತು ಶಿಡ್ಲಘಟ್ಟ ಮುಟ್ಟುವಷ್ಟರಲ್ಲಿ ನಿಮ್ಮದು ಯಾವೂರು, ಮಕ್ಕಳೆಷ್ಟು, ಸೊಂಟ ನೋವಿಗೆ ಯಾವ ಎಣ್ಣೆ ಎಲ್ಲ ಆಗಿಹೋಗಿರುತ್ತದೆ. ಇಲ್ಲಿ ಯಾರೂ ಏನೂ ಕೇಳುವುದಿಲ್ಲ. ಹೋದ ವರ್ಷವಾಗಿದ್ದರೆ ಇವರದೇನು ಕಲ್ಲೆದೆ ಎನ್ನುತ್ತಿದ್ದೆ. ಈಗ ಅದು ಹಿತವಾಯಿತು. ಹಾಗೇ ನಿದ್ದೆ ಬಂತು.

ಜಲಸಂಧಿಯ ಷೆಡ್ಡು

ಸೀನ ಇದ್ದದ್ದು ಒಳಗಡಲಿನ ದಡದ ಒಂದು ಸಣ್ಣ ಊರಿನಲ್ಲಿ. ಎದುರಿಗೆ ಒಂದು ದ್ವೀಪ. ಎರಡರ ನಡುವೆ ಸಮುದ್ರ ಇಕ್ಕಟ್ಟಾಗಿ, ಹೊಳೆಯ ಹಾಗೆ ಓಡುತ್ತದೆ. ಸಮುದ್ರ ಅಂದರೆ ಅಲೆ ಬಂದು ಹೋಗುವುದು ಎಂದು ತಿಳಿದಿದ್ದ ನನಗೆ, ನೀರೆಲ್ಲ ಒಂದೇ ಕಡೆಗೆ ಸುಳಿ ಸುತ್ತಿಕೊಂಡು ನುಗ್ಗುವುದನ್ನು ಕಂಡು ಗಾಬರಿಯಾಯಿತು. ಉಬ್ಬರದಲ್ಲಿ ಒಂದು ಕಡೆಗೆ ಓಡುತ್ತದಂತೆ, ಇಳಿತದಲ್ಲಿ ವಾಪಸ್ಸು.

ದಡದಲ್ಲಿ ತಗಡಿನ ಷೆಡ್ಡು. ಬಾಗಿಲ ಹತ್ತಿರ ಅಗಲವಾದ ತಟ್ಟೆಯಲ್ಲಿ ನೀರು, ಪಕ್ಕದಲ್ಲಿ ಬಕೆಟ್ಟಿನಲ್ಲಿ ನೀರು. ನಾನು ಚಪ್ಪಲಿ ಬಿಟ್ಟು, ಸೀರೆ ಎತ್ತಿ, ಎರಡೂ ಪಾದ ತಟ್ಟೆಯಲ್ಲಿ ಅದ್ದಿ, ಬಕೆಟ್ಟಿನಲ್ಲಿ ಮೊಣಕೈವರೆಗೂ ಕೈ ತೊಳೆದು ಒಳಗೆ ಹೋದೆ. ಹುಳದ ಮನೆಗೆ ಯಾರೇ ಹೋಗಲಿ, ಕಾಲು ಕೈ ಔಷಧಿ ನೀರಿನಲ್ಲಿ ಅದ್ದದೆ ಹೋಗುವ ಹಾಗಿಲ್ಲ, ಹುಳಕ್ಕೆ ರೋಗ ತಗಲುತ್ತದೆ. ಮೂವತ್ತು ವರ್ಷದ ಅಭ್ಯಾಸ. ಒಳಗಿದ್ದವರೆಲ್ಲ ಮಾತು ನಿಲ್ಲಿಸಿ ನನ್ನ ಒದ್ದೆ ಕಾಲು ನೋಡಿದರು.

ಭಾರ್ಗವಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. "ಅಯ್ಯೋ ಅಕ್ಕಾ! ಅದು ಬೂಟಿನ ಉಪ್ಪು ತೊಳೆಯೋ ನೀರು. ಬಕೆಟ್ಟಲ್ಲಿ ಇದ್ದದ್ದು ಮೈಕು ನೆನೆಹಾಕೋದು."

ನಾಚಿಕೆಯಿಂದ ಕುಗ್ಗಿಹೋದೆ. ಆಗ ಮೂಲೆಯಲ್ಲಿದ್ದ ಮುದುಕರೊಬ್ಬರು ಏನೋ ಹೇಳಿದರು, ಎಲ್ಲರೂ ಗೊಳ್ಳನೆ ನಕ್ಕರು. ನಕ್ಕವರಲ್ಲಿ ಇಬ್ಬರು ಕಣ್ಣೊರೆಸಿಕೊಂಡರು.

"ಏನಂದ್ರಮ್ಮ?"

"ಅನುಮಾನಾನೇ ಇಲ್ಲ, ಇವ್ರು ಅವನ ಅಕ್ಕಾನೇ ಅಂದ್ರು. ಸೀನಣ್ಣನೂ ಬಂದ ದಿನ ಅದೇ ಬಕೆಟ್ಟಲ್ಲಿ ಕೈ ತೊಳೆದಿದ್ರಂತೆ."

ಆ ಮುದುಕರು ಮೊರಿ ಸಾನ್, ದೋಣಿ ನಡೆಸುವವರು. ಸಾನ್ ಎಂದರೆ ನಮ್ಮಲ್ಲಿ ಹೆಸರಿನ ಮುಂದೆ ಅಪ್ಪನೋರು ಎಂದು ಸೇರಿಸುತ್ತೇವಲ್ಲ, ಹಾಗೆ. ನನಗೆ ಒಣಗಿದ ಟವೆಲ್ ತಂದುಕೊಟ್ಟವರು ಅವರೇ.

ಸೀನನ ಕೆಲಸ ಏನಿತ್ತು ಎಂದು ಭಾರ್ಗವಿ ತೋರಿಸಿದಳು. ಈ ದಡದಲ್ಲಿ ನೀರಿನೊಳಗೆ ಒಂದು ಯಂತ್ರ, ಆ ದಡದಲ್ಲಿ ಒಂದು. ಎರಡೂ ಒಂದೇ ಹೊತ್ತಿಗೆ ಒಂದನ್ನೊಂದು ಕೂಗುತ್ತವೆ. ನೀರಿನಲ್ಲಿ ಸದ್ದು ಸೆಕೆಂಡಿಗೆ ಒಂದೂವರೆ ಕಿಲೋಮೀಟರಿನಷ್ಟು ಓಡುತ್ತದಂತೆ, ಗಾಳಿಗಿಂತ ನಾಲ್ಕು ಪಟ್ಟು. ಆದರೂ ನೀರು ಓಡುವ ಕಡೆಗೆ ಹೊರಟ ಕೂಗು ಒಂದು ಚೂರು ಬೇಗ ಮುಟ್ಟುತ್ತದೆ, ಎದುರು ಹೊರಟದ್ದು ಒಂದು ಚೂರು ತಡ. ಆ ಚೂರು ಎಂದರೆ ಸೆಕೆಂಡನ್ನು ಸಾವಿರ ಪಾಲು ಮಾಡಿ ಅದರಲ್ಲಿ ನಾಲ್ಕೋ ಐದೋ ಪಾಲು. ಅಷ್ಟರಿಂದಲೇ ಒಳಗಿನ ನೀರು ಎಷ್ಟು ಜೋರಾಗಿ ಓಡುತ್ತಿದೆ ಎಂದು ಹೇಳುತ್ತಾರೆ.

"ಸೀನಣ್ಣ ನಂಗೆ ಹೇಳಿಕೊಟ್ಟಿದ್ದು ಬೇರೆ ಥರ. ಮುರುಗಮಲ್ಲದ ದರ್ಗಾಗೆ ಜನ ನುಗ್ತಾ ಇರೋವಾಗ ಅವರ ಜೊತೆ ನಡೆದ್ರೆ ತಳ್ಳಿಕೊಂಡು ಹೋಗಿ ಬಾಗಿಲಲ್ಲಿ ಬಿಡ್ತಾರೆ. ವಾಪಸ್ ಬಸ್‌ಸ್ಟ್ಯಾಂಡಿಗೆ ಅದೇ ಜನದ ಎದುರು ಬರಬೇಕಂದ್ರೆ ಭುಜ ಕೊಟ್ಟು ಕೊಟ್ಟು ಬರಬೇಕು. ಹೋಗಿದ್ದು ಎಷ್ಟೊತ್ತು, ಬಂದಿದ್ದು ಎಷ್ಟೊತ್ತು ಹೇಳು, ಜನ ಹೆಂಗೆ ನಡೀತಿದ್ರು ಅಂತ ನೋಡದೇನೇ ಹೇಳ್ತೀನಿ ಅನ್ನೋರು."

ಇದು ಅವನದೇ ಮಾತು. ಕೇಳಿದರೆ ಗೊತ್ತಾಗುತ್ತದೆ.

ಗೋಡೆಯ ಮೇಲೆ ಒಂದು ಪಟ್ಟಿ ತೂಗುಹಾಕಿದ್ದರು. ದಿನಾ ನೀರು ಎಷ್ಟು ಹೊತ್ತಿಗೆ ಜೋರಾಗಿ ಓಡುತ್ತದೆ, ಎಷ್ಟು ಹೊತ್ತಿಗೆ ನಿಲ್ಲುತ್ತದೆ ಎಂದು. ಓಟ ಜೋರಾಗಿದ್ದಾಗ ದೋಣಿ ಇಳಿಸುವ ಹಾಗಿಲ್ಲ, ಎಲ್ಲರೂ ಷೆಡ್ಡಿನಲ್ಲಿ ಕಾಯುತ್ತಾರೆ. ದಿಕ್ಕು ಬದಲಿಸುವ ಮುಂಚೆ ನೀರು ಹದಿನೈದು ಇಪ್ಪತ್ತು ನಿಮಿಷ ಸುಮ್ಮನೆ ನಿಲ್ಲುತ್ತದೆ. ನೀರಿಗೆ ಕೈ ಹಾಕುವ ಕೆಲಸವೆಲ್ಲ ಅದರ ಆಸುಪಾಸಿನಲ್ಲೇ ಆಗಬೇಕು. ಚಂದ್ರ ಹುಟ್ಟುವ ಹೊತ್ತಿನ ಹಾಗೆ ಆ ಹೊತ್ತೂ ದಿನಾ ಸುಮಾರು ಮುಕ್ಕಾಲು ಗಂಟೆ ಮುಂದಕ್ಕೆ ಹೋಗುತ್ತಿರುತ್ತದೆ.

ಆಗ ನನಗೆ ಒಂದು ವಿಷಯ ಹೊಳೆಯಿತು. ಸೀನನ ಫೋನಿಗೆ ಹೊತ್ತು ಗೊತ್ತು ಇರಲಿಲ್ಲ. ಒಂದು ದಿನ ಬೆಳಿಗ್ಗೆ, ಎರಡು ದಿನ ಬಿಟ್ಟು ಮಧ್ಯಾಹ್ನ. "ಇವನಿಗೆ ಕೆಲಸ ಐತೋ ಇಲ್ವೋ" ಎಂದು ಯಜಮಾನರು ಬೈಯುತ್ತಿದ್ದರು. ಚೀಲದಲ್ಲಿದ್ದ ಹುಳದ ಪುಸ್ತಕ ತೆಗೆದೆ. ಯಾವಾಗ ಸೊಪ್ಪು ಹಾಕಿದೆ, ಯಾವಾಗ ಜ್ವರಕ್ಕೆ ಕೂತವು ಎಂದು ಬರೆಯುವ ಪುಸ್ತಕ. ಅದರ ಅಂಚಿನಲ್ಲೇ ಸೀನ ಫೋನ್ ಮಾಡಿದ ಹೊತ್ತನ್ನೂ ಬರೆದಿಡುತ್ತಿದ್ದೆ, ಅದಕ್ಕೇ ಜೊತೆಗೆ ತಂದಿದ್ದೆ. ಭಾರ್ಗವಿ ಹಳೆಯ ಪಟ್ಟಿ ಹುಡುಕಿ ತಂದು, ನಮ್ಮ ಹೊತ್ತಿಗೆ ಮೂರೂವರೆ ಗಂಟೆ ಸೇರಿಸುತ್ತಾ ಒಂದೊಂದೇ ಹೋಲಿಸಿದಳು. ನೋಡಿದವೆಲ್ಲ ಹೊಂದಿದವು. ನೀರು ಜೋರಾಗಿ ಓಡುವಾಗಲೆಲ್ಲ, ಕೆಲಸವಿಲ್ಲದೆ ಕೂತಾಗಲೆಲ್ಲ, ಅವನು ನನಗೆ ಫೋನ್ ಮಾಡಿದ್ದ. ಮೂರು ವರ್ಷ ಚಂದ್ರ ಹೇಳಿದ ಹೊತ್ತಿಗೆ ನಮ್ಮ ಹುಳದ ಮನೆಯಲ್ಲಿ ಫೋನ್ ಬಡಿದುಕೊಂಡಿತ್ತು.

ಕೊನೆಯ ಸಾಲಿಗೆ ಬಂದಾಗ ಅವಳ ಬೆರಳು ನಿಂತಿತು.

"ಇದು ತಪ್ಪು ಬರೆದಿದೀರ ಅಕ್ಕ. ಒಂದೂ ಮುಕ್ಕಾಲು. ಅಂದ್ರೆ ಇಲ್ಲಿ ಐದೂ ಕಾಲು. ಅವತ್ತು ಐದೂ ಕಾಲಿಗೆ ನೀರು ನಿಂತಿತ್ತು. ಆ ಹೊತ್ತಲ್ಲಿ ಅವ್ರು ದೋಣೀಲಿರ್ತಾರೆ. ಫೋನ್ ಮಾಡೋಕೆ ಚಾನ್ಸೇ ಇಲ್ಲ."

"ತಪ್ಪಿಲ್ಲಮ್ಮ. ಅವತ್ತು ಹುಳ ಹಣ್ಣಾದ ದಿನ. ನೋಡಿಕೊಂಡೇ ಬರೆದಿದ್ದು."

ಅವಳು ಪಟ್ಟಿಯನ್ನು ಇನ್ನೊಮ್ಮೆ ನೋಡಿದಳು. ಇದ್ದ ಹದಿನೈದು ನಿಮಿಷದ ಕೆಲಸ ಬಿಟ್ಟು ಫೋನ್ ಮಾಡಿದ್ದ ಎಂದರೆ, ಸುಮ್ಮನೆ ಮಾಡಿದ್ದಲ್ಲ. ಅವಳಿಗೆ ಎಲ್ಲ ಹೇಳಿದೆ, ಕೇಳಿಸ್ತಾ ಎಂದದ್ದು, ಪುರುಸೊತ್ತಿಲ್ಲ ಎಂದದ್ದು. ಮೊದಲ ಸಲ ಒಬ್ಬರ ಹತ್ತಿರ ಹೇಳಿಕೊಂಡಿದ್ದು.

"ಅವತ್ತು ಸೀನಣ್ಣನ ಜೊತೆ ದೋಣೀಲಿ ಇದ್ದೋರು ಮೊರಿ ಸಾನ್ ಒಬ್ರೇ" ಎಂದಳು. ಅಷ್ಟರಲ್ಲಿ ಮೊರಿ ಸಾನ್ ಮನೆಗೆ ಹೋಗಿಯಾಗಿತ್ತು.

ಗಾಳಿಯ ದಿನ

ಮರುದಿನ ಗಾಳಿ. ದೋಣಿ ಇಳಿಯುವುದಿಲ್ಲ ಎಂದರು. ಅದರ ಮರುದಿನ ಸಂಜೆ ನಾನು ಹೊರಡಬೇಕು.

ಮೊರಿ ಸಾನ್ ಬೆಂಕಿಯಲ್ಲಿ ಸುಟ್ಟ ಗೆಣಸು ತಂದು ನನ್ನ ಕೈಗಿಟ್ಟರು. ನಮ್ಮಲ್ಲಿ ಬೇಯಿಸುತ್ತೇವೆ ಎಂದೆ. ಅವರು ಮುಖ ಹುಳಿ ಮಾಡಿಕೊಂಡರು, ಹಾಳು ಮಾಡುತ್ತೀರಿ ಎಂಬಂತೆ. ಅವರ ತಾಯಿಯೂ ಬೆಟ್ಟದ ಊರಿನಲ್ಲಿ ರೇಷ್ಮೆ ಸಾಕುತ್ತಿದ್ದರಂತೆ. ಹುಳಕ್ಕೆ ಜಾಗ ಸಾಲದೆ ಮನೆಮಂದಿ ಜಗುಲಿಯಲ್ಲಿ ಮಲಗುತ್ತಿದ್ದರಂತೆ. "ನಾವೂ ಅಷ್ಟೇ" ಎಂದೆ. ಭಾರ್ಗವಿ ಹೇಳುವ ಮೊದಲೇ ಅವರು ತಲೆ ಆಡಿಸಿದರು.

ಅವತ್ತಿನ ಫೋನಿನ ವಿಷಯ ಕೇಳು ಎಂದು ಭಾರ್ಗವಿಗೆ ಕಣ್ಣು ಮಾಡಿದೆ. ಅವಳು ಕೇಳಿದಳು. ಮೊರಿ ಸಾನ್ ಗೆಣಸಿನ ಸಿಪ್ಪೆ ಸುಲಿಯುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದರು. ಆಮೇಲೆ ಚಿಕ್ಕದಾಗಿ ಏನೋ ಹೇಳಿದರು.

"ಗೊತ್ತಂತೆ. ಆದ್ರೆ ಇಲ್ಲಿ ಹೇಳಲ್ವಂತೆ. ನಾಳೆ ನೀರಿನ ಮೇಲೆ ಹೇಳ್ತಾರಂತೆ."

"ಯಾಕಂತೆ?"

"ಬಾಯಲ್ಲಿ ಹೇಳೋದಲ್ವಂತೆ ಅಕ್ಕ."

ಅವತ್ತು ಸೀನನ ಪೆಟ್ಟಿಗೆ ಬಿಚ್ಚಿದೆ. ಎರಡು ಸ್ವೆಟರ್, ಸ್ಟೀಲ್ ಲೋಟ, ಅರ್ಧ ಮುಗಿದ ಚಟ್ನಿಪುಡಿ ಡಬ್ಬಿ. ಮಾತ್ರೆಗಳೇನಾದರೂ ಇವೆಯೇ ಎಂದು ಜೇಬು ಜೇಬು ಹುಡುಕಿದೆ. ತಲೆನೋವಿನ ಒಂದು ಮಾತ್ರೆ ಸಿಕ್ಕಿದ್ದರೂ ನನಗೆ ಉತ್ತರ ಸಿಕ್ಕಿಬಿಡುತ್ತಿತ್ತು. ಒಂದು ಜೇಬಿನಲ್ಲಿ ಬಸ್ ಟಿಕೆಟ್, ಇನ್ನೊಂದರಲ್ಲಿ ದಾರದ ಉಂಡೆ. ಅಷ್ಟೇ.

ನೀರಿನ ಮೇಲೆ

ಬೆಳಿಗ್ಗೆ ಗಾಳಿ ಬಿದ್ದಿತ್ತು. ನೀರು ನಿಲ್ಲುವ ಹೊತ್ತು ಹತ್ತೂ ಇಪ್ಪತ್ತು. ನಾವು ಹೊರಟಾಗ ಓಟ ಇನ್ನೂ ಉಳಿದಿತ್ತು, ದೋಣಿ ಓರೆಯಾಗಿ ಹೋಗುತ್ತಿತ್ತು. ನಾನು ಕಂಬಿ ಹಿಡಿದು ಕೂತೆ. ಊರಿನ ದೇವರೆಲ್ಲ ನೆನಪಾದರು.

ಗುರುತಿಗೆ ತೇಲಿಬಿಟ್ಟ ಹಳದಿ ಬೋಯಿಯ ಹತ್ತಿರ ನಿಲ್ಲಿಸಿ ಮೊರಿ ಸಾನ್ ದೋಣಿಯ ರಾಟೆಯಿಂದ ಮೈಕಿನ ಕೇಬಲ್ ಮೇಲೆಳೆದರು. ಮೇಲೆ ಬರುತ್ತಿದ್ದ ಕೇಬಲ್ ನೋಡಿ ನಾನು ಎದ್ದು ನಿಂತುಬಿಟ್ಟೆ. ಉದ್ದಕ್ಕೂ ಕುಚ್ಚು ಕಟ್ಟಿತ್ತು. ಸೀರೆ ಸೆರಗಿಗೆ ಕಟ್ಟುತ್ತೇವಲ್ಲ, ಅದೇ ಕುಚ್ಚು. ನೈಲಾನ್ ದಾರದ್ದು, ಪಾಚಿ ಹಿಡಿದಿತ್ತು, ಆದರೆ ಗಂಟು ನನ್ನದೇ. ಮದುವೆಗೆ ಮುಂಚೆ ಚಿಂತಾಮಣಿಯ ಅಂಗಡಿಗೆ ನಾನು ಕುಚ್ಚು ಕಟ್ಟಿ ಕೊಡುತ್ತಿದ್ದಾಗ ಸೀನ ಪಕ್ಕದಲ್ಲಿ ಕೂತು ಕಲಿತಿದ್ದ.

ಭಾರ್ಗವಿ ಹೇಳಿದಳು: ನೀರು ಓಡುವಾಗ ಬಿಗಿಯಾದ ಕೇಬಲ್ಲು ತಂಬೂರಿ ತಂತಿಯ ಹಾಗೆ ಗುಂಯ್‌ಗುಡುತ್ತದೆ, ಆ ಸದ್ದಿನಲ್ಲಿ ಮೈಕಿಗೆ ಬೇರೇನೂ ಕೇಳಿಸುವುದಿಲ್ಲ. ಎಳೆಎಳೆಯಾಗಿ ಏನಾದರೂ ಕಟ್ಟಿದರೆ ಅದು ತಗ್ಗುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಇಷ್ಟು ಒತ್ತಾಗಿ, ಬಿಚ್ಚದ ಹಾಗೆ ಕಟ್ಟಿದವನು ಸೀನ. ಓಟದಲ್ಲಿ ಪೂರ್ತಿ ನಿಲ್ಲಲಿಲ್ಲ, ಅರ್ಧ ಅಡಗಿತು. ನೀರು ನಿಂತಾಗಲೂ ಉಳಿಯುತ್ತಿದ್ದ ಸಣ್ಣ ಗುಂಯ್ ಮಾತ್ರ ಪೂರ್ತಿ ಹೋಯಿತು.

ಕೆಲಸ ಮುಗಿಸಿ ಕೇಬಲ್ ಮತ್ತೆ ಇಳಿಬಿಟ್ಟರು. ನೀರಿನ ಸುಳಿಗಳು ಒಂದೊಂದಾಗಿ ಬಿಚ್ಚಿಕೊಂಡವು. ದೋಣಿ ತಿರುಗುವುದು ನಿಂತಿತು. ಕೆಳಗೆ ಕುಚ್ಚುಗಳು ನೆಟ್ಟಗೆ ಇಳಿಬಿದ್ದವು. ಹೊಳೆಯಂತಿದ್ದದ್ದು ನಮ್ಮೂರ ಕೆರೆಯಂತಾಯಿತು.

ಮೊರಿ ಸಾನ್ ಇಂಜಿನ್ ಆರಿಸಿ, ಹೆಡ್‌ಫೋನನ್ನು ತಮ್ಮ ಅಂಗಿಯಿಂದ ಒರೆಸಿ ನನ್ನ ಕಿವಿಗೆ ಇಟ್ಟರು.

ಮೊದಲು ಏನೂ ಇಲ್ಲ. ಆಮೇಲೆ ಬಂತು. ಎಲ್ಲ ಕಡೆಯಿಂದ, ಸಣ್ಣಗೆ, ಬಿಡದೆ, ಚರಚರ ಚರಚರ. ಸಾವಿರ ಸಾವಿರ ಬಾಯಿ ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಿದ್ದವು. ನಾಲ್ಕನೇ ಜ್ವರ ಎದ್ದ ಹುಳ ಹಸಿದು ಮೇಯುವಾಗ, ಹೆಂಚಿನ ಮೇಲೆ ತುಂತುರು ಬಿದ್ದ ಹಾಗೆ ಮನೆ ತುಂಬುವ ಸದ್ದು. ಕಣ್ಣು ಮುಚ್ಚಿದ್ದರೆ ನಾನು ಕೆಂಚಾರ್ಲಹಳ್ಳಿಯಲ್ಲಿದ್ದೆ.

"ಸೀಗಡಿ ಅಕ್ಕ" ಎಂದಳು ಭಾರ್ಗವಿ, ನನ್ನ ಮುಖ ನೋಡಿ ಹೆದರಿ. "ತಳದಲ್ಲಿರೋ ಪುಟ್ಟ ಸೀಗಡಿಗಳು ಇಕ್ಕಳದಂಥ ಕೈ ಚಿಟುಕಿಸೋ ಸದ್ದು. ನೀರು ನಿಂತಾಗ ಮಾತ್ರ ಇಷ್ಟು ಚೆನ್ನಾಗಿ ಕೇಳಿಸುತ್ತೆ."

ಮೊರಿ ಸಾನ್ ಈಗ ಮಾತಾಡಿದರು. ನಿಲ್ಲಿಸಿ ನಿಲ್ಲಿಸಿ, ಅವಳು ಹೇಳುವುದಕ್ಕೆ ಬಿಟ್ಟು ಬಿಟ್ಟು. ಅವತ್ತು ಸೀನ ಕೊನೆಯ ಕುಚ್ಚು ಕಟ್ಟಿ ಕೇಬಲ್ ಇಳಿಸಿದ್ದ. ಸ್ಪೀಕರಿನಲ್ಲಿ ಈ ಸದ್ದು ಮೊದಲ ಸಲ ಇಷ್ಟು ಶುದ್ಧವಾಗಿ ಬಂತು. ಅವನು ಕುಣಿದಾಡಿಬಿಟ್ಟ. ಮೊರಿ ಸಾನ್ ಬೈಯುತ್ತಿದ್ದರೂ ಕೇಳದೆ ಫೋನ್ ತೆಗೆದು ಸ್ಪೀಕರಿಗೆ ಹಿಡಿದ. ಆಮೇಲೆ ಫೋನ್ ಇಟ್ಟು, ಹೊಟ್ಟೆ ಹಿಡಿದುಕೊಂಡು ನಕ್ಕ.

"ಯಾಕೆ ನಗ್ತೀಯ, ಅಕ್ಕ ಏನಂದ್ರು ಅಂತ ಇವ್ರು ಕೇಳಿದ್ರಂತೆ. ಅದಕ್ಕೆ ಸೀನಣ್ಣ..." ಭಾರ್ಗವಿ ಮೊರಿ ಸಾನ್ ಕಡೆ ಒಮ್ಮೆ ನೋಡಿ ಮುಂದುವರಿಸಿದಳು. "ನಾನು ಹೇಳೋ ಮುಂಚೆನೇ ನಮ್ಮಕ್ಕ ಹುಳ ಮೇಯೋ ಸದ್ದು ಅಂದುಬಿಟ್ಟಳು. ಈಗ ಅವಳಿಗೆ ಪುರುಸೊತ್ತಿಲ್ಲ, ಹುಳ ಹಣ್ಣಾಗಿವೆ ಅಂದ್ರಂತೆ."

"ತಲೆ ನೋವು ಅಂದಿದ್ನಾ, ಕೇಳಮ್ಮ."

ಕೇಳಿದಳು. ಮೊರಿ ಸಾನ್ ಜೋರಾಗಿ ತಲೆಯಾಡಿಸಿದರು. ಇಲ್ಲ. ವಾಪಸ್ಸು ದಡ ಸೇರುವವರೆಗೂ ಹಾಡಿಕೊಂಡೇ ಬಂದನಂತೆ, ರಾಗವಿಲ್ಲದೆ. ಮತ್ತೂ ಒಂದು ಮಾತು ಸೇರಿಸಿದರು. ಹುಳ ಹಣ್ಣಾದಾಗ ಅವರ ತಾಯಿ ತನ್ನ ತಂದೆ ಬಂದು ಬಾಗಿಲಲ್ಲಿ ನಿಂತರೂ ತಿರುಗಿ ನೋಡುತ್ತಿರಲಿಲ್ಲವಂತೆ. ಅದನ್ನು ಅವತ್ತೇ ಸೀನನಿಗೂ ಹೇಳಿದ್ದರಂತೆ.

ಅವರಿಬ್ಬರೂ ನನಗೆ ಬೆನ್ನು ಮಾಡಿ ಹಗ್ಗ ಸುತ್ತತೊಡಗಿದರು, ಸುತ್ತುವ ಹಗ್ಗ ಅಷ್ಟೇನೂ ಇರಲಿಲ್ಲ. ನಾನು ಹೆಡ್‌ಫೋನನ್ನು ಎರಡೂ ಕೈಯಿಂದ ಒತ್ತಿ ಹಿಡಿದೆ.

"ಈಗ ಪುರುಸೊತ್ತಾಯ್ತು ಕಣಪ್ಪ" ಎಂದೆ. "ಹೇಳು."

ಚರಚರ ಸದ್ದು ಹಾಗೇ ಇತ್ತು. ಎಷ್ಟು ಹೊತ್ತು ಕೇಳಿದೆನೋ ಗೊತ್ತಿಲ್ಲ. ಆಮೇಲೆ ಬಹಳ ದೂರದಲ್ಲಿ ಎಂಬಂತೆ ಒಂದು ಗುಂಯ್ ಶುರುವಾಯಿತು. ಬಗ್ಗಿ ನೋಡಿದೆ. ನೆಟ್ಟಗಿದ್ದ ಕುಚ್ಚುಗಳು ಒಂದೊಂದಾಗಿ ದ್ವೀಪದ ಕಡೆಗೆ ವಾಲುತ್ತಿದ್ದವು. ನೀರು ತಿರುಗಿತ್ತು. ಮೊರಿ ಸಾನ್ ಇಂಜಿನ್ನಿನ ಮೇಲೆ ಕೈಯಿಟ್ಟು, ಚಾಲೂ ಮಾಡದೆ, ಕಾಯುತ್ತಾ ನಿಂತರು. ಗುಂಯ್ ಏರಿ ಏರಿ, ಚರಚರ ಅದರೊಳಗೆ ತೆಳುವಾಗುತ್ತಾ, ಕೊನೆಗೆ ಒಂದೇ ಒಂದು ಎಳೆ ಉಳಿದು, ಅದೂ ಮುಚ್ಚಿಕೊಂಡಿತು.

ಹೆಡ್‌ಫೋನ್ ತೆಗೆದು ಅವರ ಕೈಗೆ ಕೊಟ್ಟೆ.